ಹೆಸರು ಕೇಳದವಳು

ಸ್ಟೇಟ್‌ಬ್ಯಾಂಕಿನಿಂದ ಕೊಣಾಜೆಗೆ ಹೋಗುವ ಬಸ್ಸಿನಲ್ಲಿ ನಾನು ಓದುವುದು ಜಪಾನಿ ಮಾಂಗಾ: ಹುಡುಗರಿಬ್ಬರ ಪ್ರೇಮಕತೆಗಳು. 1970ರ ದಶಕದಲ್ಲಿ ಮೋಟೊ ಹಾಗಿಯೊ, ಕೇಕೊ ತಾಕೆಮಿಯಾರಂಥ ಲೇಖಕಿಯರು ಹುಡುಗಿಯರ ಪತ್ರಿಕೆಗಳಲ್ಲಿ ಬೆಳೆಸಿದ ಪ್ರಕಾರ. ಚೆಲುವರು, ದೂರದವರು; ಅವರಿಗಾಗಿ ಅಳುವುದೂ ಸುಖವೇ. ವಸುಧೇಂದ್ರರ ‘ಮೋಹನಸ್ವಾಮಿ’ (2013) ಅಷ್ಟು ಸಲೀಸಾಗಲಿಲ್ಲ. ಅಲ್ಲಿ ಪ್ರಿಯಕರ ಹುಡುಗಿಯೊಬ್ಬಳನ್ನು ಮದುವೆಯಾಗಲು ಹೊರಡುತ್ತಾನೆ, ನಮ್ಮ ಮನೆಗಳಲ್ಲಿ ಆಗುವ ಹಾಗೆಯೇ.

ಕಳೆದ ಮಳೆಗಾಲ ಹಂಪನಕಟ್ಟೆಯಲ್ಲಿ ಚಹಾ ಕುಡಿಯುವಾಗ ಗೆಳೆಯನೊಬ್ಬ ತಾನು ಒಬ್ಬ ಹುಡುಗನನ್ನು ಪ್ರೀತಿಸುತ್ತಿರುವುದಾಗಿ ಹೇಳಿದ. ನಾನು ಕೇಳಿದ್ದು, ‘ಮನೆಯಲ್ಲಿ ಗೊತ್ತುಂಟಾ?’ ಹುಡುಗನ ಹೆಸರು ಕೇಳಲಿಲ್ಲ. ಮಾಂಗಾದಲ್ಲಾದರೆ ಮೊದಲು ಹುಡುಕುವುದೇ ಅದನ್ನು. ಓದು ಅನುಕಂಪ ಕಲಿಸುತ್ತದೆ ಎಂದು ಸೆಮಿನಾರುಗಳಲ್ಲಿ ಹೇಳುವವಳು ನಾನೇ. ಕಾಗದದವರಿಗೆ ಕೊಟ್ಟಷ್ಟು ಕುತೂಹಲ ಎದುರು ಕೂತವನಿಗೆ ಸಿಗದಿದ್ದರೆ, ನಾನು ಕಲಿತದ್ದು ಏನು?

ಮೊನ್ನೆ ಫೋನ್ ಮಾಡಿ ಹೆಸರು ಕೇಳಿದೆ. ನಕ್ಕ. ಇನ್ನೂ ಹೇಳಿಲ್ಲ.