ತಿಳಿದಷ್ಟೂ ಬೆರಗು

ತಿಳಿವಳಿಕೆ ಬೆಳೆದಂತೆ ಬೆರಗು ಕರಗುತ್ತದೆ ಎಂಬ ಮಾತನ್ನು ನಾವು ಎಷ್ಟು ಸಲೀಸಾಗಿ ಒಪ್ಪಿಕೊಂಡುಬಿಟ್ಟಿದ್ದೇವೆ! ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ದಿನವೇ ಚಂದಮಾಮ ನಮ್ಮಿಂದ ದೂರವಾದ ಎನ್ನುತ್ತೇವೆ. ಮಕ್ಕಳ ಕಣ್ಣಿನ ಅಚ್ಚರಿ ದೊಡ್ಡವರಿಗೆ ದಕ್ಕುವುದಿಲ್ಲ ಎಂದು ನಿಟ್ಟುಸಿರುಬಿಡುತ್ತೇವೆ. ಈಚೆಗೆ ಒಂದರ ಬೆನ್ನಿಗೊಂದು ಓದಿದ ಕೆಲವು ಪುಸ್ತಕಗಳು ನನ್ನಲ್ಲಿ ಇದಕ್ಕೆ ತೀರ ಎದುರಾದ ನಂಬಿಕೆಯನ್ನು ಊರಿವೆ. ಒಂದು ಸಸ್ಯವಿಜ್ಞಾನಿಯ ಬರಹ, ಒಂದು ಕಾದಂಬರಿ, ಸಾವಿರ ವರ್ಷ ಹಳೆಯದೊಂದು ಕಥಾಗ್ರಂಥ, ಮತ್ತೆ ನಮ್ಮ ಕಾಲದ ಸಣ್ಣಕಥೆಗಳು. ಗ್ರಂಥಾಲಯದಲ್ಲಿ ಇವು ಒಂದೇ ಕಪಾಟಿನಲ್ಲಿ ಕೂರುವಂಥವಲ್ಲ. ಆದರೂ ನಾಲ್ಕೂ ಸೇರಿ ನನಗೆ ಹೇಳಿದ್ದು ಒಂದೇ ಮಾತು: ಚೆನ್ನಾಗಿ ತಿಳಿದುಕೊಂಡವನಿಗೇ ಬೆರಗು ಒಲಿಯುವುದು.

ನಮ್ಮ ಕಾವ್ಯಮೀಮಾಂಸೆ ಅದ್ಭುತವನ್ನು ರಸಗಳ ಸಾಲಿನಲ್ಲಿರಿಸಿ, ಅದರ ಸ್ಥಾಯಿಭಾವ ವಿಸ್ಮಯ ಎಂದಿತು. ಸ್ಥಾಯಿಭಾವವನ್ನು ಯಾರೂ ಹೊರಗಿನಿಂದ ತಂದು ತುಂಬಬೇಕಿಲ್ಲ. ಅದು ಸಹೃದಯನಲ್ಲಿ ಮೊದಲೇ ನೆಲೆಸಿದೆ, ಕೃತಿ ಅದನ್ನು ಎಬ್ಬಿಸುತ್ತದೆ. ಹಾಗಾದರೆ ಇಷ್ಟು ದಿನ ಅದು ನಿದ್ದೆಹೋದದ್ದೇಕೆ? ರೂಢಿಯಿಂದ ಎಂದು ನನಗನಿಸುತ್ತದೆ. ದಿನವೂ ನೋಡುವುದನ್ನು ನಾವು ನೋಡುವುದನ್ನೇ ಬಿಟ್ಟಿರುತ್ತೇವೆ.

ಬಿ.ಜಿ.ಎಲ್. ಸ್ವಾಮಿಯವರ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೇರಿಕಾ’ ಓದಿದ ಮೇಲೆ ಊಟದ ಎಲೆಯನ್ನು ಮೊದಲಿನಂತೆ ನೋಡಲು ನನ್ನಿಂದಾಗುತ್ತಿಲ್ಲ. ಸಾರಿನ ಟೊಮ್ಯಾಟೊ, ಪಲ್ಯದ ಆಲೂಗಡ್ಡೆ, ಚಿತ್ರಾನ್ನದ ಕಡಲೆಬೀಜ, ಪಾಯಸದ ಗೋಡಂಬಿ, ಊಟದ ಮೇಲಿನ ಪರಂಗಿಹಣ್ಣು, ಎಲ್ಲವೂ ಅಮೆರಿಕ ಖಂಡಗಳ ಸಸ್ಯಗಳು. 1492ರಲ್ಲಿ ಕೊಲಂಬಸ್ ಅಟ್ಲಾಂಟಿಕ್ ಸಾಗರ ದಾಟಿದ ಮೇಲಷ್ಟೇ ಅವು ಈ ಕಡೆಯ ಲೋಕಕ್ಕೆ ಹೊರಟವು. ಹಲವು ಪೋರ್ಚುಗೀಸರ ಹಡಗುಗಳಲ್ಲಿ ನಮ್ಮ ಪಡುವಣ ಕರಾವಳಿಗೆ ಬಂದಿಳಿದವು. ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹಿಡಿದು ನಿಲ್ಲಿಸಿದ್ದು ಮೆಣಸಿನಕಾಯಿ. ಬ್ಯಾಡಗಿಯ ಕೆಂಪು ಇಲ್ಲದ ಅಡುಗೆಮನೆಯನ್ನು ಇವತ್ತು ಊಹಿಸುವುದೂ ಕಷ್ಟ. ಆದರೆ ಪಂಪ, ರನ್ನ ಅದರ ರುಚಿ ಕಂಡವರಲ್ಲ. ಕಲ್ಯಾಣದ ದಾಸೋಹದಲ್ಲಿ, ವಿಷ್ಣುವರ್ಧನನ ಅರಮನೆಯ ಪಾಕಶಾಲೆಯಲ್ಲಿ ಖಾರಕ್ಕೆ ಇದ್ದದ್ದು ಕರಿಮೆಣಸು, ಶುಂಠಿ, ಹಿಪ್ಪಲಿ. ಅಜ್ಜಿಯ ಕಾಲದಿಂದ ಬಂದದ್ದು ಎಂದು ನಾವು ಆಣೆಯಿಟ್ಟು ಹೇಳುವ ರುಚಿ, ಸಾಗರ ದಾಟಿ ಬಂದ ನೆಂಟ.

ಸ್ವಾಮಿಯವರನ್ನು ಹಗುರ ಬರಹಗಾರರೆಂದು ಬದಿಗಿಡುವ ಓದುಗರಿದ್ದಾರೆ. ಆ ತೀರ್ಪು ನನಗೆ ಒಪ್ಪಿಗೆಯಿಲ್ಲ. ಅವರದು ಪ್ರಯೋಗಾಲಯದಲ್ಲಿ ಪಳಗಿದ ಕಣ್ಣು. ನಗುನಗುತ್ತ ಹೇಳಿದರೂ ಒಂದು ಗಿಡದ ಕುಲಗೋತ್ರ ತಪ್ಪಿಸುವವರಲ್ಲ. ‘ಹಸುರು ಹೊನ್ನು’ ಪುಸ್ತಕದಲ್ಲಿ ವಿದ್ಯಾರ್ಥಿಗಳೊಡನೆ ಕಾಡು ಸುತ್ತುವಾಗಲೂ ಅಷ್ಟೇ. ನಗು ಅಲ್ಲಿ ತಿಳಿವಳಿಕೆಯ ದಾರಿಯನ್ನು ಸುಗಮ ಮಾಡುತ್ತದೆ, ದಾರಿ ತಪ್ಪಿಸುವುದಿಲ್ಲ.

ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ 1980ರಲ್ಲಿ ಬಂದದ್ದು. ಹಾರುವ ಓತಿಯ ಬೆನ್ನುಹತ್ತಿ ಮೂಡಿಗೆರೆಯ ಕಡೆಯ ಒಂದು ವಿಚಿತ್ರ ತಂಡ ಪಶ್ಚಿಮಘಟ್ಟದ ಕಾಡು ಹೊಕ್ಕುವ ಕಥೆ ಎಂದು ಅದನ್ನು ಹೇಳಿಬಿಡಬಹುದು. ಈ ಸಲದ ಓದಿನಲ್ಲಿ ನನಗೆ ಓತಿಗಿಂತಲೂ ದೊಡ್ಡ ವಿಸ್ಮಯವಾಗಿ ಕಂಡದ್ದು ವಿಜ್ಞಾನಿ ಕರ್ವಾಲೊ ಮಂದಣ್ಣನನ್ನು ಕಂಡ ಬಗೆ. ಊರು ಕೆಲಸಕ್ಕೆ ಬಾರದವನೆಂದು ಎಣಿಸಿದ ಹಳ್ಳಿಯ ಹುಡುಗನಲ್ಲಿ ಆತ ಹುಟ್ಟು ನಿಸರ್ಗವೀಕ್ಷಕನನ್ನು ಗುರುತಿಸುತ್ತಾನೆ, ಅವನ ಮಾತಿಗೆ ಕಿವಿಗೊಡುತ್ತಾನೆ. ಓತಿಯನ್ನು ಹುಡುಕುವ ಕಣ್ಣೂ ಮಂದಣ್ಣನನ್ನು ಗುರುತಿಸಿದ ಕಣ್ಣೂ ಒಂದೇ ಎಂದು ಕಾದಂಬರಿ ಎಲ್ಲೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳದೆ ಕಾಣಿಸುವುದರಲ್ಲೇ ಅದರ ಹಿರಿಮೆ ಇದೆ.

ಇನ್ನೊಂದು ಸಂಗತಿ. ಕಾದಂಬರಿಯಲ್ಲಿ ಓತಿ ಯುಗಗಳ ಆಚೆಯಿಂದ ಉಳಿದುಬಂದ ಜೀವಿಯ ಪ್ರಭಾವಳಿ ಹೊತ್ತು ಬರುತ್ತದೆ. ನಿಜಲೋಕದ ಹಾರುವ ಓತಿಯಾದರೋ ಮಲೆನಾಡಿನ, ಕರಾವಳಿಯ ಅಡಿಕೆ ತೋಟಗಳಲ್ಲೇ ಇದೆ. ಅದು ರೆಕ್ಕೆ ಬಡಿಯುವುದಿಲ್ಲ. ಪಕ್ಕೆಲುಬುಗಳನ್ನು ಅಗಲಿಸಿ, ಅವುಗಳ ನಡುವಿನ ತೊಗಲನ್ನು ಹರಡಿ, ಒಂದು ಮರದಿಂದ ಇನ್ನೊಂದಕ್ಕೆ ತೇಲುತ್ತದೆ. ತೊಗಟೆಯ ಬಣ್ಣದಲ್ಲಿ ತೊಗಟೆಯಾಗಿ ಕೂತಿರುವುದರಿಂದ ಕೊನೆಗೌಡರ ಕಣ್ಣಿಗೂ ಎಷ್ಟೋ ಸಲ ಬೀಳುವುದಿಲ್ಲ. ಈ ವಿವರ ತಿಳಿದ ಮೇಲೆ ಕಾದಂಬರಿಯ ಮಾಯೆ ನನಗೆ ಕಡಿಮೆಯಾಗಲಿಲ್ಲ, ಇಮ್ಮಡಿಯಾಯಿತು. ಪಕ್ಕೆಲುಬನ್ನೇ ರೆಕ್ಕೆ ಮಾಡಿಕೊಂಡ ಜೀವವೊಂದು ನಮ್ಮ ತಲೆಯ ಮೇಲೆ ಓಡಾಡಿಕೊಂಡಿದೆ ಎನ್ನುವುದಕ್ಕಿಂತ ದೊಡ್ಡ ಕಲ್ಪನೆ ಯಾವುದಿದ್ದೀತು?

ಇದೇ ಕಾರಣಕ್ಕೆ ಗುಡಿಗಳ ‘ಬಿಡಿಸಲಾಗದ ರಹಸ್ಯ’ ಸಾರುವ ಪುಸ್ತಕಗಳು ನನಗೆ ಹಿಡಿಸುವುದಿಲ್ಲ. ಮನುಷ್ಯರಿಂದ ಇದು ಸಾಧ್ಯವೇ ಎಂದು ಕೇಳಿ, ಉತ್ತರವನ್ನು ಮಬ್ಬಿನಲ್ಲಿ ಬಿಟ್ಟು, ಆ ಮಬ್ಬನ್ನೇ ವಿಸ್ಮಯವೆಂದು ಕೊಡುತ್ತವೆ. ಹೊಯ್ಸಳ ಶಿಲ್ಪಿಗಳು ಆರಿಸಿಕೊಂಡ ಬಳಪದ ಕಲ್ಲು ಗಣಿಯಿಂದ ತೆಗೆದ ಹೊಸದರಲ್ಲಿ ಮೆದುವಾಗಿದ್ದು ಗಾಳಿಗೊಡ್ಡಿದಂತೆ ಗಟ್ಟಿಯಾಗುತ್ತದೆ. ಆಭರಣದ ಎಳೆ ಎಳೆಯನ್ನೂ ಬಿಡಿಸಲು ಸಾಧ್ಯವಾದದ್ದು ಆ ಕಲ್ಲಿನ ಗುಣದಿಂದ, ಅದನ್ನು ಅರಿತ ಕೈಗಳಿಂದ. ಸೋಮನಾಥಪುರದಲ್ಲಿ ಮಲ್ಲಿತಮ್ಮನೆಂಬ ಶಿಲ್ಪಿ ತಾನು ಕಡೆದ ಮೂರ್ತಿಗಳ ಕೆಳಗೆ ಹೆಸರು ಬರೆದಿಟ್ಟಿದ್ದಾನೆ. ಎಲ್ಲವನ್ನೂ ಪವಾಡವೆಂದುಬಿಟ್ಟರೆ ಮೊದಲು ಅಳಿಸಿಹೋಗುವುದು ಅವನ ಹೆಸರು. ಉಳಿ ಹಿಡಿದ ಒಬ್ಬ ಮನುಷ್ಯ ಇದನ್ನು ಮಾಡಿದ ಎಂಬ ಅರಿವಿನ ಮುಂದೆ ಯಾವ ಪವಾಡವೂ ಚಿಕ್ಕದು.

ಮನುಷ್ಯ ಏನಾಗಬಲ್ಲ ಎಂಬ ಪ್ರಶ್ನೆಯನ್ನು ‘ವಡ್ಡಾರಾಧನೆ’ಯಷ್ಟು ತೀವ್ರವಾಗಿ ಕೇಳಿದ ಕನ್ನಡ ಕೃತಿಗಳು ಕಡಿಮೆ. ಹಳಗನ್ನಡ ಗದ್ಯದ ಆ 19 ಕಥೆಗಳಲ್ಲಿ ಸುಕುಮಾರಸ್ವಾಮಿಯ ಕಥೆ ನನ್ನನ್ನು ಬಿಡದೆ ಕಾಡುತ್ತಿದೆ. ಅವನು ಅತಿ ನಾಜೂಕಿನಲ್ಲಿ ಬೆಳೆದವನು. ಅರಸ ಮನೆಗೆ ಬಂದಾಗ ಹರಸಿ ತಳಿದ ಬಿಳಿಸಾಸಿವೆ ಒತ್ತಿ ಅವನಿಗೆ ಕೂರಲಾಗುವುದಿಲ್ಲ. ರತ್ನಗಳ ಬೆಳಕಿಗೆ ಒಗ್ಗಿದ ಕಣ್ಣಿಗೆ ಸೊಡರಿನ ಬೆಳಕು ತಾಗಿ ನೀರು ಬರುತ್ತದೆ. ಇದು ಅತಿಶಯೋಕ್ತಿ ಎನಿಸಿ ನಗು ಬರಬಹುದು. ಆದರೆ ಕಥೆಗಾರ ಆ ಸಾಸಿವೆಯನ್ನು ಸುಮ್ಮನೆ ಚೆಲ್ಲಿಲ್ಲ. ಮುಂದೆ ಅದೇ ಸುಕುಮಾರ ಎಲ್ಲ ಬಿಟ್ಟು ತಪಸ್ಸಿಗೆ ನಿಂತಾಗ ಮರಿಗಳೊಡನೆ ಬಂದ ನರಿ ಅವನ ಕಾಲನ್ನು ತಿನ್ನತೊಡಗುತ್ತದೆ, ಅವನು ಅಲುಗುವುದಿಲ್ಲ. ಸಾಸಿವೆಗೂ ನರಿಗೂ ನಡುವೆ ಇರುವ ದೂರವನ್ನು ಓದುಗ ತನ್ನ ಮನಸ್ಸಿನಲ್ಲೇ ಅಳೆಯಬೇಕು. ದೇಹವನ್ನು ಅಷ್ಟು ನಿಷ್ಠುರವಾಗಿ ದಂಡಿಸುವ ಆದರ್ಶ ನನ್ನದಲ್ಲ. ಕರ್ಮದ ಲೆಕ್ಕಾಚಾರವನ್ನೂ ನಾನು ಪೂರ್ತಿ ಒಪ್ಪಲಾರೆ. ಹಾಗಿದ್ದೂ ಒಬ್ಬ ವ್ಯಕ್ತಿ ತನ್ನ ಸ್ವಭಾವದ ಗೆರೆಯನ್ನು ಇಷ್ಟು ದಾಟಬಲ್ಲನೆಂಬ ಕಥೆಯ ನಂಬಿಕೆಗೆ ಕೈಮುಗಿಯುತ್ತೇನೆ.

ಸಾವಿರ ವರ್ಷ ದಾಟಿ ಬಾನು ಮುಷ್ತಾಕ್ ಅವರ ಕಥೆಗಳಿಗೆ ಬಂದರೆ ಅಲ್ಲಿ ಸಹನೆಯ ಇನ್ನೊಂದು ಮುಖ. ಇದು ಯಾರೂ ಆರಿಸಿಕೊಳ್ಳದ, ಹೆಣ್ಣಿನ ತಲೆಯ ಮೇಲೆ ಹೇರಿದ ಸಹನೆ. ಇವರ 12 ಕಥೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ‘ಹಾರ್ಟ್ ಲ್ಯಾಂಪ್’ 2025ರಲ್ಲಿ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಪಡೆಯಿತು. ಆ ಸಂಭ್ರಮದ ಸದ್ದು ಅಡಗಿದ ಮೇಲೆ ಕನ್ನಡದ ಕಥೆಗಳನ್ನು ನಿಧಾನವಾಗಿ ಓದಿದೆ. ‘ಎದೆಯ ಹಣತೆ’ಯ ಮೆಹರುನ್ ಗಂಡ ಕೈಬಿಟ್ಟಾಗ ತವರಿಗೆ ಬರುತ್ತಾಳೆ. ಮನೆತನದ ಮರ್ಯಾದೆಯ ಮಾತಾಡಿ ಅಣ್ಣತಮ್ಮಂದಿರು ಅವಳನ್ನು ಮರಳಿ ಬಿಟ್ಟುಬರುತ್ತಾರೆ. ಆ ರಾತ್ರಿ ಸೀಮೆಎಣ್ಣೆ ಸುರಿದುಕೊಂಡು ನಿಂತ ತಾಯಿಯನ್ನು ತಡೆಯುವವಳು ಹಿರಿಯ ಮಗಳು ಸಲ್ಮಾ. ಕಥೆಗಾರ್ತಿ ಇಲ್ಲಿ ಏನನ್ನೂ ಉಬ್ಬಿಸುವುದಿಲ್ಲ. ಇಷ್ಟು ಜನ ತುಂಬಿದ ಮನೆಯಲ್ಲಿ ತಾಯಿಯ ಮನಸ್ಸನ್ನು ಓದಿದವಳು ಒಂದು ಮಗು ಮಾತ್ರ ಎಂಬ ಸತ್ಯವೇ ಉಸಿರು ಕಟ್ಟಿಸುತ್ತದೆ. ಬಾನು ಅವರ ಎಲ್ಲ ಕಥೆಗಳೂ ಒಂದೇ ತೂಕದವಲ್ಲ. ಕೆಲವೆಡೆ ವಾದದ ದನಿ ಪಾತ್ರದ ದನಿಯನ್ನು ಮೀರುತ್ತದೆ. ಆದರೆ ಈ ಕಥೆಯಲ್ಲಿ ಪಕ್ಕದ ಮನೆಯ ಹೆಂಗಸು ಯಾವ ದೂರದ ಖಂಡಕ್ಕೂ ಕಡಿಮೆಯಿಲ್ಲದಂತೆ ಅಪರಿಚಿತಳಾಗಿ, ಮರುಗಳಿಗೆಯಲ್ಲೇ ನಮ್ಮವಳಾಗಿ ನಿಲ್ಲುತ್ತಾಳೆ.

ಅಡುಗೆಮನೆ, ಅಡಿಕೆತೋಟ, ಗುಡಿಯ ಗೋಡೆ, ನೆರೆಮನೆ. ಈ ಪುಸ್ತಕಗಳು ನನ್ನನ್ನು ಕರೆದೊಯ್ದದ್ದು ಇಷ್ಟೇ ದೂರ. ಗಿಡ, ಪ್ರಾಣಿ, ಕಲ್ಲುಗಳ ಬಗ್ಗೆ ಬೆರಗುಪಡುವುದು ಸುಲಭ, ಅವು ನಮ್ಮಿಂದ ಏನನ್ನೂ ಕೇಳುವಂತೆ ಕಾಣುವುದಿಲ್ಲ. ಕಷ್ಟವಿರುವುದು ಎದುರಿನ ಮನುಷ್ಯನ ಬಗ್ಗೆ ಬೆರಗುಳಿಸಿಕೊಳ್ಳುವುದರಲ್ಲಿ. ಇವನು ಇಷ್ಟೇ, ಇವಳು ಹೀಗೇ ಎಂದು ತೀರ್ಮಾನಿಸಿದ ಕ್ಷಣದಿಂದ ನಾವು ಅವರನ್ನು ನೋಡುವುದನ್ನು ನಿಲ್ಲಿಸುತ್ತೇವೆ. ಮಂದಣ್ಣನ ಊರಿನವರು ಮಾಡಿದ್ದೂ ಮೆಹರುನ್‌ಳ ಅಣ್ಣತಮ್ಮಂದಿರು ಮಾಡಿದ್ದೂ ಅದನ್ನೇ. ಆದ್ದರಿಂದ ಬೆರಗನ್ನು ಬಿಡುವಿನ ವೇಳೆಯ ಸುಖವೆಂದು ನಾನಿನ್ನು ಎಣಿಸಲಾರೆ. ಅದೊಂದು ಹೊಣೆ. ತೋಟದಲ್ಲಿ ತೇಲುವ ಓತಿಯ ವಿಷಯ ಗೊತ್ತಾದವನು ಔಷಧಿ ಸಿಂಪಡಿಸುವ ಮುನ್ನ ಒಮ್ಮೆ ತಲೆಯೆತ್ತಿ ನೋಡಬೇಕಾಗುತ್ತದೆ. ಮೆಹರುನ್‌ಳ ರಾತ್ರಿಯನ್ನು ಓದಿದವನು ತವರಿಗೆ ಬಂದ ಅಕ್ಕತಂಗಿಯರ ಮಾತನ್ನು ಕೊನೆಯವರೆಗೆ ಕೇಳಬೇಕಾಗುತ್ತದೆ. ಓದುಗನಾಗಿ ಯಾವ ಪುಸ್ತಕ ದೊಡ್ಡದೆಂದು ಯಾರಾದರೂ ಕೇಳಿದರೆ ನನ್ನ ಉತ್ತರ ಇಷ್ಟೇ: ಮುಚ್ಚಿಟ್ಟ ಮೇಲೂ ನಮ್ಮನ್ನು ಇನ್ನಷ್ಟು ಗಮನವಿಟ್ಟು ಬದುಕುವಂತೆ ಮಾಡುವುದು ಯಾವುದೋ ಅದು.