ಬಡವನ ಕುರಿಮರಿ

(ಓದತಕ್ಕ ಭಾಗ: ೨ ಸಮುವೇಲ ೧೧ ಮತ್ತು ೧೨ನೇ ಅಧ್ಯಾಯಗಳು)

ಒಂದು ಕಥೆಯು ಮನುಷ್ಯನ ಹೃದಯದಲ್ಲಿ ಎಂಥಾ ಕೆಲಸವನ್ನು ಮಾಡಬಲ್ಲದೆಂಬದನ್ನು ಅರಸನಾದ ದಾವೀದನಲ್ಲಿ ನೋಡುತ್ತೇವೆ. ಅವನು ತನ್ನ ನಂಬಿಗಸ್ತ ಸೈನಿಕನಾದ ಊರೀಯನ ಹೆಂಡತಿಯನ್ನು ತೆಗೆದುಕೊಂಡು, ಆ ಊರೀಯನನ್ನು ಯುದ್ಧದ ಮುಂಭಾಗದಲ್ಲಿ ನಿಲ್ಲಿಸಿ ಕೊಲ್ಲಿಸಿದನು. ಮರಣದ ವರ್ತಮಾನವು ಬಂದಾಗ ಅವನು ದುಃಖಪಟ್ಟನೆಂದು ಬರೆದಿಲ್ಲ. ಯುದ್ಧದಲ್ಲಿ ಇಂಥಾದ್ದು ಆಗುವದೇ ಎಂಬ ಭಾವದಿಂದ ಸೇನಾಪತಿಗೆ ಧೈರ್ಯ ಹೇಳಿಕಳುಹಿಸಿದನು.

ಆಗ ದೇವರು ಪ್ರವಾದಿಯಾದ ನಾತಾನನನ್ನು ಕಳುಹಿಸಿದನು. ಇವನು ಗದರಿಸುತ್ತಾ ಬರಲಿಲ್ಲ, ಕಥೆಯೊಂದನ್ನು ಹೇಳಿದನು. ಒಬ್ಬ ಐಶ್ವರ್ಯವಂತನಿಗೆ ಬಹಳ ಕುರಿದನಗಳು. ಒಬ್ಬ ಬಡವನಿಗೆ ಒಂದೇ ಕುರಿಮರಿ. ಅದು ಬಡವನ ಮಕ್ಕಳ ಸಂಗಡ ಬೆಳೆದು, ಅವನ ತುತ್ತಿನಲ್ಲಿ ಪಾಲು ತಿಂದು, ಮಗಳ ಹಾಗಿತ್ತು. ಐಶ್ವರ್ಯವಂತನು ತನ್ನ ಅತಿಥಿಗೋಸ್ಕರ ಅದನ್ನೇ ಕಿತ್ತುಕೊಂಡು ಅಡಿಗೆಮಾಡಿಸಿದನು. ಇದನ್ನು ಕೇಳಿದ ದಾವೀದನು ಕೋಪದಿಂದ ಉರಿದು, ಅಂಥವನು ಸಾಯತಕ್ಕವನೆಂದೂ ಒಂದಕ್ಕೆ ನಾಲ್ಕರಷ್ಟು ಕೊಡಬೇಕೆಂದೂ ತೀರ್ಪುಮಾಡಿದನು.

ಮನುಷ್ಯನ ಮರಣಕ್ಕೆ ಕರಗದವನು ಕುರಿಮರಿಗಾಗಿ ಕರಗಿದ್ದೇಕೆ? ಬಾಲ್ಯದಲ್ಲಿ ಕುರಿ ಕಾಯುತ್ತಾ, ಸಿಂಹದ ಮತ್ತು ಕರಡಿಯ ಬಾಯೊಳಗಿಂದ ಮರಿಯನ್ನು ಬಿಡಿಸಿದವನು ಅವನೇ. ಕಥೆಯು ಅರಸನನ್ನು ದಾಟಿ ಆ ಹಳೇ ಕುರುಬನನ್ನು ಎಬ್ಬಿಸಿತು; ಪಾಪವು ನಿದ್ರೆಮಾಡಿಸಿದ್ದ ಕನಿಕರವು ಎಚ್ಚರವಾಯಿತು. ಆಗಲೇ ನಾತಾನನು ಮಾತನ್ನು ತಿರುಗಿಸಿ, ಆ ಐಶ್ವರ್ಯವಂತನು ಅರಸನೇ ಎಂದು ತಿಳಿಸಿದನು. ದಾವೀದನು ತನ್ನ ಪಾಪವನ್ನು ಒಪ್ಪಿಕೊಂಡನು.

ಪ್ರಿಯರೇ, ನಾವೂ ಕಥೆ ಕೇಳಿ ಅಳುವವರು. ರಾತ್ರಿ ಒಲೆಯ ಮುಂದೆ ಅಜ್ಜಿಯು ಹೇಳುವಾಗ, ಮಲತಾಯಿಯ ಕೈಯಲ್ಲಿ ನೊಂದ ಮಗುವಿಗಾಗಿ ಕಣ್ಣೀರು ಸುರಿಸುತ್ತೇವೆ. ಬೆಳಗಾದ ಮೇಲೆ ಅದೇ ಕಣ್ಣು ನಮ್ಮ ಮನೆಯ ಸೊಸೆಯ ಬಾಡಿದ ಮುಖವನ್ನು ಕಂಡೂ ಕಾಣದ ಹಾಗಿರುತ್ತದೆ. ಇಂಥಾ ಕಣ್ಣೀರು ದಾವೀದನ ಕೋಪದ ಹಾಗೆ ಸುಳ್ಳಲ್ಲ. ಆದರೆ ಅರ್ಧದಾರಿಯಲ್ಲಿ ನಿಂತದ್ದು. ಬೇರೊಬ್ಬನ ಪಾಪದ ಮೇಲೆ ಉರಿಯುವದು ಸುಲಭವಷ್ಟೆ.

ಇದಲ್ಲದೆ ಕಥೆಯು ಹೃದಯವನ್ನು ಕಲ್ಲಾಗಿಯೂ ಮಾಡಬಲ್ಲದು. ನೆರೆಯವನ ದೋಷವನ್ನು ದಿನಾಲು ಹೇಳುವ ಮನೆಯಲ್ಲಿ ಮಕ್ಕಳು ಅವನನ್ನು ಅರಿಯುವ ಮೊದಲೇ ಹಗೆಮಾಡಲು ಕಲಿಯುತ್ತಾರೆ. ಆದಕಾರಣ ಯಾರ ಮೇಲೂ ತೀರ್ಪುಮಾಡುವದಕ್ಕಿಂತ ಮುಂಚೆ, ಅವರ ಮನೆಯಲ್ಲಿ ಮಡಿಲೊಳಗಿಟ್ಟು ಸಾಕಿದ ಕುರಿಮರಿ ಯಾವದೆಂದು ವಿಚಾರಿಸೋಣ.

ನಮ್ಮ ಕರ್ತನಾದ ಯೇಸುವು ಸಹ ಜನರಿಗೆ ಸಾಮ್ಯಗಳ ಮೂಲಕ ಬೋಧಿಸಿದನು. ಅವನ್ನು ಕೇಳಿ ಮನಸ್ಸು ಕರಗಿದಾಗ ಸುಮ್ಮನೆ ಎದ್ದುಹೋಗದೆ, ಈ ಕಥೆಯಲ್ಲಿ ನಾವು ಯಾರು ಎಂದು ಆತನನ್ನು ಕೇಳೋಣ. ಆತನು ತೋರಿಸಿದರೆ, ಅದೇ ಸಾಯಂಕಾಲ ಆ ಸೊಸೆಗೆ ಮೊದಲು ಬಡಿಸೋಣ, ಆ ನೆರೆಯವನ ಬಾಗಿಲಿಗೆ ಹೋಗೋಣ. ದಾವೀದನು ತನ್ನ ಪಾಪದ ಕಹಿಫಲವನ್ನು ಉಂಡನು. ಆದರೂ ದೇವರು ಅವನನ್ನು ತಳ್ಳಿಬಿಡಲಿಲ್ಲ. ಒಪ್ಪಿಕೊಳ್ಳುವ ನಮ್ಮನ್ನೂ ತಳ್ಳಿಬಿಡನು. ಆಮೆನ್.