ಯಾರೂ ಅಳದ ಹೆಣ

ನನ್ನ ಲ್ಯಾಪ್‌ಟಾಪಿನಲ್ಲಿ ಒಂದು ಎಕ್ಸೆಲ್ ಶೀಟ್ ಇದೆ. ಮೊದಲ ಕಾಲಮ್ಮಿನಲ್ಲಿ ಹೆಸರು, ಎರಡನೆಯದರಲ್ಲಿ ‘ಯಾಕೆ ಸಾಯಬೇಕು’, ಮೂರನೆಯದರಲ್ಲಿ ‘ಯಾರ್‍ಯಾರಿಗೆ ಸಿಟ್ಟಿದೆ’. ಪ್ರಾಜೆಕ್ಟ್ ಮ್ಯಾನೇಜರ್ ಕಾದಂಬರಿ ಬರೆಯಲು ಕೂತರೆ ಹೀಗೇ ಆಗುವುದು. ಒಂದು ಶನಿವಾರ ನನ್ನ ಹೆಂಡತಿ ಅದನ್ನು ನೋಡಿ, “ಇದೇನು, ಈ ಸಲದ ಅಪ್ರೈಸಲ್ಲಾ?” ಎಂದಳು. ಇಬ್ಬರೂ ನಕ್ಕೆವು. ಆದರೆ ಆ ಮಾತು ಆರು ತಿಂಗಳಿನಿಂದ ತಲೆಯೊಳಗೆ ಕೂತಿದೆ, ನನ್ನ ನಾಲ್ಕನೆಯ ಪುಸ್ತಕ ಅಲ್ಲೇ ನಿಂತಿದೆ.

ನಾನು ಬರೆಯುವುದು ಇಂಗ್ಲಿಷಿನಲ್ಲಿ ಕೋಜಿ ಮಿಸ್ಟರಿ ಎನ್ನುವ ಜಾತಿಯ ಕತೆ. ಬೆಚ್ಚಗಿನ ಕೊಲೆಕತೆ ಎನ್ನೋಣ. ಕೊಲೆ ಆಗುತ್ತದೆ, ಆದರೆ ರಕ್ತ ಕಾಣುವುದಿಲ್ಲ. ಪತ್ತೆ ಮಾಡುವವರು ಪೊಲೀಸರಲ್ಲ, ಪಕ್ಕದ ಮನೆಯವರು. ಅಗಾಥಾ ಕ್ರಿಸ್ಟಿಯ ಮಿಸ್ ಮಾರ್ಪಲ್ 1930ರಲ್ಲಿ ಮೊದಲ ಕಾದಂಬರಿಗೆ ಬಂದಾಗಲೇ ಹೆಣಿಗೆ ಹಾಕುವ ಮುದುಕಿ. ರಿಚರ್ಡ್ ಆಸ್ಮನ್ 2020ರಲ್ಲಿ ಒಂದು ವೃದ್ಧರ ವಸತಿಯ ನಾಲ್ವರಿಗೆ ಅದೇ ಕೆಲಸ ಕೊಟ್ಟ. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಬಾಡಿಗೆ ಲೈಬ್ರರಿಯಿಂದ ತಂದು ಪಠ್ಯಪುಸ್ತಕದೊಳಗೆ ಮುಚ್ಚಿಟ್ಟು ಓದಿದವನಿಗೆ ಇದು ಬಹಳ ಸಪ್ಪೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ನಲವತ್ತು ದಾಟಿದ ಮೇಲೆ ರಾತ್ರಿ ಹನ್ನೊಂದಕ್ಕೆ ಕ್ಲೈಂಟ್ ಕಾಲ್ ಮುಗಿಸಿದವನಿಗೆ ಬೇಕಾಗಿರುವುದು ಸಾಹಸವಲ್ಲ.

ನನ್ನ ಪತ್ತೇದಾರರು ಕ್ಯಾಂಪಿಂಗ್ ವಾಹನಗಳಲ್ಲಿ ಬದುಕುವ ಮೂವರು ನಿವೃತ್ತರು. ಊರು ಅರಿಜೋನಾದ ಕ್ವಾರ್ಟ್‌ಸೈಟ್. ಕಂಪನಿ ನನ್ನನ್ನು ಎರಡು ವರ್ಷ ಫೀನಿಕ್ಸಿಗೆ ಕಳಿಸಿದ್ದಾಗ ಕಂಡ ಊರು ಅದು. ಹೆದ್ದಾರಿ ಹತ್ತರಲ್ಲಿ ಪಶ್ಚಿಮಕ್ಕೆ ಎರಡು ಗಂಟೆ. ಬೇಸಿಗೆಯಲ್ಲಿ ಅಲ್ಲಿ ಪೆಟ್ರೋಲ್ ಬಂಕು, ಕಲ್ಲು ಮಾರುವ ಅಂಗಡಿಗಳು, ಬಿಸಿಲು, ಅಷ್ಟೇ. ಚಳಿಗಾಲದಲ್ಲಿ ಉತ್ತರದ ಹಿಮ ತಪ್ಪಿಸಿಕೊಂಡು ಬಂದವರ ವಾಹನಗಳು ಮರುಭೂಮಿ ತುಂಬ. ಸರ್ಕಾರಿ ಜಮೀನಿನಲ್ಲಿ ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಬೀಡು ಬಿಡಬಹುದು. ನಾನು ನೋಡಿದಾಗ ಇಡೀ ಏಳು ತಿಂಗಳಿಗೆ 180 ಡಾಲರ್. ಪುಣೆಯ ನನ್ನ ಸೊಸೈಟಿಯ ಎರಡು ತಿಂಗಳ ಮೆಂಟೆನೆನ್ಸಿಗೆ ಅದಕ್ಕಿಂತ ಹೆಚ್ಚು ಕಟ್ಟುತ್ತೇನೆ. ಊರಿನ ಸ್ಮಶಾನದಲ್ಲಿ ಪಿರಮಿಡ್ಡಿನ ಮೇಲೆ ಲೋಹದ ಒಂಟೆಯೊಂದು ನಿಂತಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ಸೇನೆ ಒಂಟೆಗಳನ್ನು ತರಿಸಿಕೊಂಡಾಗ ಅವುಗಳ ಜೊತೆ ಬಂದು, 1902ರಲ್ಲಿ ಅಲ್ಲೇ ತೀರಿಕೊಂಡ ಹಾಜಿ ಅಲಿಯ ಸಮಾಧಿ ಅದು. ಸ್ಥಳೀಯರ ಬಾಯಲ್ಲಿ ಅವನ ಹೆಸರು ಹಾಯ್ ಜಾಲಿ. ಪರಊರಿನವರ ಹೆಸರು ಎಲ್ಲೆಲ್ಲಿ ಏನೇನಾಗುತ್ತದೆಂದು ನಮ್ಮಂಥವರಿಗೆ ಬೇರೆ ಹೇಳಬೇಕಿಲ್ಲ.

ಇಂಥ ಕತೆಗೆ ಒಂದು ಅಲಿಖಿತ ನಿಯಮವಿದೆ. ಸತ್ತವನು ಓದುಗನಿಗೆ ಇಷ್ಟವಾಗಬಾರದು. ಇಷ್ಟವಾದರೆ ದುಃಖವಾಗುತ್ತದೆ, ದುಃಖವಾದರೆ ಬೆಚ್ಚಗಿರುವುದಿಲ್ಲ. ನನ್ನ ಮೊದಲ ಪುಸ್ತಕದಲ್ಲಿ ಸತ್ತವನು ಬಾಡಿಗೆ ದುಪ್ಪಟ್ಟು ಮಾಡಿದ ಪಾರ್ಕಿನ ಮಾಲೀಕ. ಎರಡನೆಯದರಲ್ಲಿ ಮುದುಕರ ಉಳಿತಾಯ ನುಂಗಿದ ಚಿಟ್‌ಫಂಡ್ ಮಾದರಿಯ ಮೋಸಗಾರ. ಮೂರನೆಯದರಲ್ಲಿ ಮೋಸಗಾರನೂ ಅಲ್ಲ, ಬರೀ ಕಿರಿಕಿರಿಯ ಮನುಷ್ಯ. ಎಲ್ಲರ ತಪ್ಪು ತಿದ್ದುವವನು, ಹೊತ್ತಲ್ಲದ ಹೊತ್ತಿನಲ್ಲಿ ಜನರೇಟರ್ ಹಾಕುವವನು, ಮಧ್ಯಾಹ್ನ ಹನ್ನೆರಡೂವರೆಗೆ ಸರಿಯಾಗಿ, ಯಾರು ಏನು ಹೇಳುತ್ತಿದ್ದರೂ ಎದ್ದು ಹೋಗಿ ಡಬ್ಬಿ ಬಿಚ್ಚುವವನು.

ಕವಿ ಆಡೆನ್ 1948ರಲ್ಲಿ ಪತ್ತೇದಾರಿ ಕತೆಗಳ ಬಗ್ಗೆ ಒಂದು ಪ್ರಬಂಧ ಬರೆದ. ಈ ಕತೆಗಳು ತನಗೆ ಸಿಗರೇಟಿನಂಥ ಚಟ ಎಂದು ಒಪ್ಪಿಕೊಂಡೇ ಶುರು ಮಾಡುತ್ತಾನೆ. ಅದರಲ್ಲಿ ಅವನು ಹೇಳುವ ಒಂದು ಸೂಕ್ಷ್ಮ ಹೀಗಿದೆ: ಸತ್ತವನಿಂದ ಎರಡು ವಿರುದ್ಧ ಕೆಲಸಗಳಾಗಬೇಕು. ಎಲ್ಲರ ಮೇಲೂ ಅನುಮಾನ ಬರಬೇಕಾದರೆ ಅವನು ಕೆಟ್ಟವನಾಗಿರಬೇಕು. ಎಲ್ಲರಿಗೂ ಒಳಗೆ ತಪ್ಪಿತಸ್ಥ ಭಾವ ಹುಟ್ಟಬೇಕಾದರೆ ಒಳ್ಳೆಯವನಾಗಿರಬೇಕು. ಓದಿದಾಗ ನನ್ನ ಶೀಟಿನಲ್ಲಿ ಎರಡನೆಯದಕ್ಕೆ ಕಾಲಮ್ಮೇ ಇಲ್ಲ ಎಂದು ಹೊಳೆಯಿತು. ಮೂರು ಹೆಣ ಉರುಳಿಸಿದ್ದೇನೆ, ಯಾರೂ ಅಳಲಿಲ್ಲ.

ಇನ್ನೊಂದು ವಿಷಯ ಹೇಳಲೇಬೇಕು. ಆ ಡಬ್ಬಿಯ ಮನುಷ್ಯನನ್ನು ನಾನು ಸೃಷ್ಟಿಸಿದ್ದಲ್ಲ. ಕೆಲವು ವರ್ಷಗಳ ಹಿಂದೆ ನನ್ನ ಟೀಮಿನಲ್ಲಿದ್ದವರು, ನನಗಿಂತ ಆರು ವರ್ಷ ದೊಡ್ಡವರು. ಕೆಲಸ ನಿಧಾನ, ಆದರೆ ತಪ್ಪಿರುತ್ತಿರಲಿಲ್ಲ. ನನ್ನ ಮೀಟಿಂಗ್ ಮಿನಿಟ್ಸಿನ ವ್ಯಾಕರಣ ತಿದ್ದಿ ಎಲ್ಲರಿಗೂ ಕಾಪಿ ಹಾಕುತ್ತಿದ್ದರು. ಒಂದು ಮಾರ್ಚಿನಲ್ಲಿ ಮೇಲಿನಿಂದ ಮೂರು ಹೆಸರು ಕೇಳಿದರು, ನಾನು ಕೊಟ್ಟೆ. ಹೆಸರಿನ ಪಕ್ಕ ಕಾರಣ ಬರೆಯುವ ಕಾಲಮ್ ಇತ್ತು. ಅವರು ಹೋದ ದಿನ ಕೇಕ್ ಇರಲಿಲ್ಲ, ಯಾರೂ ಏನೂ ಹೇಳಲಿಲ್ಲ. ಎರಡು ವರ್ಷದ ಮೇಲೆ ಅವರನ್ನು ಅರಿಜೋನಾದ ಮರುಭೂಮಿಗೆ ಒಯ್ದು ಬಿಳಿಯನ ವೇಷ ಹಾಕಿ ಸಾಯಿಸಿದೆ. ಬರೆಯುವಾಗ ಇದು ಗೊತ್ತಿರಲಿಲ್ಲ ಎಂದರೆ ನೀವು ನಂಬುತ್ತೀರೋ ಇಲ್ಲವೋ.

ಕತೆ ತಾನೇ, ಎನ್ನಬಹುದು. ನಾನೂ ಅಂದುಕೊಂಡೆ. ಚದುರಂಗದಲ್ಲಿ ಪದಾತಿ ಸತ್ತರೆ ಯಾರು ಸೂತಕ ಹಿಡಿಯುತ್ತಾರೆ? ಈ ವಾದವನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಓದುಗರೊಬ್ಬರು ತಾಯಿಯ ಕೀಮೋಥೆರಪಿ ನಡೆಯುವಾಗ ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತು ನನ್ನ ಎರಡನೆಯ ಪುಸ್ತಕ ಓದಿದರಂತೆ. ಎಲ್ಲೂ ನೋವಾಗಲಿಲ್ಲ, ಅದಕ್ಕೇ ಥ್ಯಾಂಕ್ಸ್ ಎಂದರು. ಅವರಿಂದ ಆ ಕಂಬಳಿ ಕಿತ್ತುಕೊಳ್ಳಲು ನಾನು ಯಾರು? ಆದರೆ ಪದಾತಿಗೆ ಡಬ್ಬಿ ಇರುವುದಿಲ್ಲ. ಓದುಗನಿಗೆ ಆ ಬೆಚ್ಚಗೆ ಸಿಗಬೇಕಾದರೆ ಯಾವನೋ ಒಬ್ಬನನ್ನು ಹೊರಗೆ ಚಳಿಯಲ್ಲಿ ಇಡಬೇಕು. ಯಾರನ್ನು ಇಡಬಹುದು ಎಂದು ಕೇಳಿದಾಗ ನನ್ನ ಕೈ ತಾನಾಗಿ ಯಾರ ಕಡೆ ಹೋಯಿತು ಎನ್ನುವುದು ನನ್ನ ತೊಂದರೆ. ಮೋಸಗಾರನ ಮಟ್ಟಿಗೆ ನನಗೆ ನಿದ್ದೆ ಬರುತ್ತದೆ. ಕಿರಿಕಿರಿಯವನ ವಿಷಯದಲ್ಲಿ ಇಲ್ಲ.

ಕ್ವಾರ್ಟ್‌ಸೈಟಿನಲ್ಲಿ ನಾನಿದ್ದ ಒಂದು ವಾರಾಂತ್ಯ ನಿಜವಾಗಿಯೂ ಒಬ್ಬರು ಸತ್ತಿದ್ದರು. ಕೊಲೆಯಲ್ಲ, ಹೃದಯ. ಪಕ್ಕದ ಟ್ರೇಲರಿನವರಿಗೆ ಅವರ ಮೊದಲ ಹೆಸರು ಮಾತ್ರ ಗೊತ್ತು. ಲೈಸೆನ್ಸಿನಲ್ಲಿ ಸೌತ್ ಡಕೋಟಾದ ವಿಳಾಸವಿತ್ತು. ಮನೆಯಿಲ್ಲದೆ ತಿರುಗುವವರು ಅಲ್ಲಿ ಒಂದು ರಾತ್ರಿ ತಂಗಿದ ರಸೀದಿ ತೋರಿಸಿ ಆ ರಾಜ್ಯದ ನಿವಾಸಿಯಾಗಬಹುದು. ವಿಳಾಸ ಎಂದರೆ ಅಂಚೆ ಮುಂದಕ್ಕೆ ಕಳಿಸುವ ಒಂದು ಅಂಗಡಿ. ನೆರೆಯ ಮುದುಕರು ಆ ಸಂಜೆಯೆಲ್ಲ ಬೆಂಕಿಯ ಸುತ್ತ ಕೂತು ಅವರು ಯಾವಾಗಲಾದರೂ ಮಗಳ ಊರು ಹೇಳಿದ್ದರೇ ಎಂದು ನೆನಪಿಸಿಕೊಳ್ಳುತ್ತಿದ್ದರು. ಒಬ್ಬಾಕೆ ಟಕೋಮಾ ಎಂದರು, ಇನ್ನೊಬ್ಬರು ಅಲ್ಲ, ಅದು ತಂಗಿ ಎಂದರು. ಅವರ ಬಗ್ಗೆ ಯಾರಿಗೂ ವಿಶೇಷ ಪ್ರೀತಿ ಇದ್ದಂತಿರಲಿಲ್ಲ. ಜನರೇಟರಿನ ವಿಷಯಕ್ಕೆ ಜಗಳವೂ ಆಗಿತ್ತಂತೆ. ಅಂದು ನಾನು ಇದರಲ್ಲಿ ಕಂಡದ್ದು ಒಳ್ಳೆಯ ಪ್ಲಾಟ್ ಪಾಯಿಂಟ್ ಮಾತ್ರ: ಸುಳ್ಳು ವಿಳಾಸ. ಜನರೇಟರನ್ನೂ ವಿಳಾಸವನ್ನೂ ಬರೆದಿಟ್ಟುಕೊಂಡೆ, ಮಗಳನ್ನು ಬಿಟ್ಟೆ.

ಈಗ ನಾಲ್ಕನೆಯದನ್ನು ಮತ್ತೆ ಮೊದಲಿಂದ ಹಿಡಿದಿದ್ದೇನೆ. ಶೀಟಿನಲ್ಲಿ ‘ಯಾರಿಗೆ ಫೋನ್ ಮಾಡಬೇಕು’ ಎಂಬ ಕಾಲಮ್ ಸೇರಿಸಿದೆ. ಅದನ್ನು ತುಂಬಿದರೆ ಕತೆ ಭಾರವಾಗುತ್ತದೆ, ಖಾಲಿ ಬಿಟ್ಟರೆ ಕೈ ಓಡುವುದಿಲ್ಲ. ನಲವತ್ತು ಪುಟ ಓದಿದ ಹೆಂಡತಿ ಕೊಲೆಗಾರನ ಸುಳಿವೇ ಇಲ್ಲವಲ್ಲ ಎಂದಳು. ನನ್ನ ಮೂವರು ಇನ್ನೂ ಸತ್ತವನ ಮಗಳನ್ನು ಹುಡುಕುತ್ತಿದ್ದಾರೆ. ಹಳೆಯ ಸಹೋದ್ಯೋಗಿಯ ನಂಬರು ನನ್ನ ಫೋನಿನಲ್ಲಿದೆ. ಅವರು ಈಗ ನಾಗಪುರದಲ್ಲಿದ್ದಾರೆ ಎಂದು ಯಾರೋ ಹೇಳಿದರು. ಏನೆಂದು ಶುರು ಮಾಡುವುದೋ ತಿಳಿಯದೆ ಇನ್ನೂ ಮಾಡಿಲ್ಲ.